ಮನೆತನದ ಕಾಯಿಲೆಯೂ ಒಂದು ಅಕ್ಷರದೋಷವೂ

“ಆ ಮನೆಯಲ್ಲಿ ಅದು ಇದೆಯಂತೆ” ಎಂಬ ಮಾತನ್ನು ಕೇಳದ ಕುಟುಂಬ ನಮ್ಮ ಸಮುದಾಯದಲ್ಲಿ ವಿರಳ. ‘ಅದು’ ಎಂದರೆ ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೆಣ್ಣು-ಗಂಡು ನೋಡುವ ಮಾತು ಆರಂಭವಾಗುವ ಹೊತ್ತಿಗೆ ದೂರದ ಬಂಧುವೊಬ್ಬರ ಬಾಯಿಂದ ಅದು ಹೊರಬೀಳುತ್ತದೆ. ತಾಯಿ, ಚಿಕ್ಕಮ್ಮ, ಸೋದರಮಾವ ಹೀಗೆ ಒಬ್ಬರ ಹಿಂದೊಬ್ಬರು ನಡುವಯಸ್ಸಿನಲ್ಲೇ ಕ್ಯಾನ್ಸರಿನಿಂದ ತೀರಿಕೊಂಡ ಮನೆ ಎಂಬಷ್ಟು ಸೂಚನೆ ದೊರೆತರೆ ಸಾಕು, ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಕೆಲವರು ಅದನ್ನು ಶಾಪವೆನ್ನುತ್ತಾರೆ, ಕೆಲವರು ಹಣೆಬರಹವೆನ್ನುತ್ತಾರೆ. ಇಂತಹ ಕೆಲವು ಮನೆತನಗಳಲ್ಲಿ ನಡೆಯುವುದು ಜೀವಕೋಶದೊಳಗಿನ ಒಂದು ದುರಸ್ತಿ ವ್ಯವಸ್ಥೆಯ ಲೋಪ ಎಂದು ವಿಜ್ಞಾನಿಗಳು ತೋರಿಸಿಕೊಟ್ಟು ಮೂವತ್ತು ವರ್ಷಗಳಿಗೂ ಮೇಲಾಯಿತು. ಆ ಶೋಧದ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ.

ವೃತ್ತಾಂತ ಆರಂಭವಾಗುವುದು ಯಾವುದೇ ಪ್ರಯೋಗಶಾಲೆಯಲ್ಲಲ್ಲ, ಒಬ್ಬ ಹೊಲಿಗೆಯಾಕೆಯ ಮಾತಿನಿಂದ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಡಾ. ಆಲ್ಡ್ರೆಡ್ ವಾರ್ಥಿನ್ ಅವರಲ್ಲಿ ಪಾಲಿನ್ ಗ್ರಾಸ್ ಎಂಬ ಮಹಿಳೆ ತನ್ನ ಮನಸ್ಸಿನ ಕಳವಳವನ್ನು ತೋಡಿಕೊಂಡರು. ತನ್ನ ಕುಟುಂಬದಲ್ಲಿ ಅನೇಕರು ಜಠರ, ಕರುಳು ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಾರೆ, ತಾನೂ ಅದರಿಂದಲೇ ಅಕಾಲದಲ್ಲಿ ಸಾಯುವುದು ಖಂಡಿತ ಎಂಬುದು ಆಕೆಯ ನಂಬಿಕೆ. ಬೇರೊಬ್ಬ ವೈದ್ಯರಾಗಿದ್ದರೆ ಸಾಂತ್ವನದ ಎರಡು ಮಾತು ಹೇಳಿ ಕಳುಹಿಸಿಬಿಡುತ್ತಿದ್ದರೇನೋ. ವಾರ್ಥಿನ್ ಹಾಗೆ ಮಾಡಲಿಲ್ಲ. ಆಕೆಯ ನೆರವಿನಿಂದಲೇ ಜರ್ಮನಿಯಿಂದ ವಲಸೆ ಬಂದಿದ್ದ ಆ ಮನೆತನದ ವಂಶವೃಕ್ಷವನ್ನು ಬರೆಯತೊಡಗಿದರು. 1913ರಲ್ಲಿ ಅದನ್ನು ‘ಕುಟುಂಬ ಜಿ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಪಾಲಿನ್ ಗ್ರಾಸ್ 1919ರಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು.

ವಾರ್ಥಿನ್ ಬರೆದಿಟ್ಟದ್ದನ್ನು ವೈದ್ಯಲೋಕ ಹೆಚ್ಚುಕಡಿಮೆ ಮರೆತೇಬಿಟ್ಟಿತು. ಅದನ್ನು ಮತ್ತೆ ಕೈಗೆತ್ತಿಕೊಂಡವರು ಡಾ. ಹೆನ್ರಿ ಲಿಂಚ್. ಇವರದು ವಿಶಿಷ್ಟ ಜೀವನ. 1928ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಶಾಲೆ ಬಿಟ್ಟು, ವಯಸ್ಸು ಮರೆಮಾಚಿ ನೌಕಾಪಡೆ ಸೇರಿ, ಬಳಿಕ ಕೆಲಕಾಲ ಮುಷ್ಟಿಕಾಳಗದ ಪಟುವೂ ಆಗಿದ್ದು, ಕೊನೆಗೆ ಓದಿನ ಕಡೆಗೆ ಹೊರಳಿ 1960ರಲ್ಲಿ ವೈದ್ಯ ಪದವಿ ಪಡೆದವರು. ಅರವತ್ತರ ದಶಕದ ಆರಂಭದಲ್ಲಿ ನೆಬ್ರಾಸ್ಕದ ಒಮಾಹಾ ನಗರದಲ್ಲಿ ತರಬೇತಿಯಲ್ಲಿದ್ದಾಗ, ಕುಡಿತದ ಚಟಕ್ಕೆ ಬಿದ್ದಿದ್ದ ರೋಗಿಯೊಬ್ಬನನ್ನು ವಿಚಾರಿಸಿದರು. ಹೇಗಿದ್ದರೂ ಕ್ಯಾನ್ಸರಿನಿಂದಲೇ ಸಾಯುವವನು ತಾನು, ಮನೆಯವರೆಲ್ಲ ಹಾಗೆಯೇ ಸತ್ತಿದ್ದಾರೆ, ಆದುದರಿಂದಲೇ ಕುಡಿಯುತ್ತೇನೆ ಎಂಬರ್ಥದ ಉತ್ತರ ಬಂತು. ಲಿಂಚ್ ಆ ಮನೆಯವರನ್ನು ಹುಡುಕಿಕೊಂಡು ಹೊರಟರು. ಸಮಾಜಸೇವಕಿ ಆ್ಯನ್ ಕ್ರಷ್ ಅವರೊಡಗೂಡಿ ವೈದ್ಯಕೀಯ ದಾಖಲೆಗಳನ್ನು ಒಂದೊಂದಾಗಿ ತಾಳೆ ನೋಡಿ, 1966ರಲ್ಲಿ ಇಂತಹ ಎರಡು ಕುಟುಂಬಗಳ ವಿವರವನ್ನು ಪ್ರಕಟಿಸಿದರು.

ಮರುವರ್ಷ, 1967ರಲ್ಲಿ, ಅವರು ಒಮಾಹಾದ ಕ್ರೈಟನ್ ವಿಶ್ವವಿದ್ಯಾಲಯವನ್ನು ಸೇರಿದರು. ಇದು ಯೇಸುಸಭೆಯ ವಿದ್ಯಾಸಂಸ್ಥೆ; ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದ ಸಭೆಯೂ ಅದೇ ಎಂಬುದನ್ನು ಓದುಗರಿಗೆ ನೆನಪಿಸುವ ಅಗತ್ಯವಿಲ್ಲ. 2019ರ ಜೂನ್ 2ರಂದು ನಿಧನರಾಗುವ ತನಕ ಲಿಂಚ್ ಆ ಸಂಸ್ಥೆಯನ್ನು ಬಿಡಲಿಲ್ಲ. ಅಲ್ಲಿ ಅವರ ಆರಂಭದ ವರ್ಷಗಳು ಸುಖಕರವಾಗಿರಲಿಲ್ಲ. ಕ್ಯಾನ್ಸರಿಗೆ ಕಾರಣ ಹೊಗೆ, ವೈರಸ್, ಆಹಾರ, ರಾಸಾಯನಿಕ ಎಂದು ಎಲ್ಲರೂ ಹೇಳುತ್ತಿದ್ದ ಕಾಲವದು. ಒಂದೇ ಮನೆಯಲ್ಲಿ ಹಲವರಿಗೆ ಬಂದರೆ ಅದು ಕಾಕತಾಳೀಯ, ಇಲ್ಲವೇ ಒಂದೇ ಮನೆಯ ಊಟದ ಫಲ ಎಂಬುದು ಪಂಡಿತರ ತೀರ್ಪು. ಸರಕಾರಿ ಅನುದಾನಕ್ಕೆ ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ಆದರೂ ಅವರು 1971ರಲ್ಲಿ ‘ಕುಟುಂಬ ಜಿ’ಯ ವಂಶಾವಳಿಯನ್ನು 1970ರ ತನಕ ಮುಂದುವರಿಸಿ ಪ್ರಕಟಿಸಿದರು, ಮನೆತನದವರೆಲ್ಲರನ್ನೂ ಒಂದೆಡೆ ಸೇರಿಸಿ ತಿಳಿವಳಿಕೆ ಕೊಡುವ ಪದ್ಧತಿಯನ್ನು ರೂಢಿಗೆ ತಂದರು. ಈ ಕಾಯಿಲೆಗೆ ‘ಲಿಂಚ್ ಸಿಂಡ್ರೋಮ್’ ಎಂಬ ಹೆಸರು ಬಂದದ್ದು 1984ರಲ್ಲಿ.

ಅನುವಂಶೀಯತೆಯ ಲೆಕ್ಕವನ್ನು ಜಗತ್ತಿಗೆ ಮೊದಲು ಕಲಿಸಿದವರು ಬ್ರನೋ ನಗರದ ಅಗಸ್ಟೀನಿಯನ್ ಮಠದ ಸನ್ಯಾಸಿ ಗ್ರೆಗೊರ್ ಮೆಂಡೆಲ್. ಅವರು ಮಠದ ತೋಟದ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ಲೆಕ್ಕವೇ ಈ ಮನೆತನಗಳಲ್ಲಿಯೂ ಕಾಣುತ್ತಿತ್ತು. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು-ಹೆಣ್ಣೆಂಬ ಭೇದವಿಲ್ಲ. ಲಿಂಚ್ ಅವರಿಗೆ ಲೆಕ್ಕ ಗೊತ್ತಿತ್ತು. ಆದರೆ ದೋಷ ಯಾವುದರದು? ಇದಕ್ಕೆ ಉತ್ತರ ಬಂದದ್ದು, ಕ್ಯಾನ್ಸರಿನ ಗೊಡವೆಗೇ ಹೋಗದೆ ಕರುಳಿನ ಒಂದು ಸಾಮಾನ್ಯ ಬ್ಯಾಕ್ಟೀರಿಯವನ್ನು ಅಭ್ಯಸಿಸುತ್ತಿದ್ದ ಮತ್ತೊಬ್ಬರಿಂದ.

ಪಾಲ್ ಮಾಡ್ರಿಚ್ 1946ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ರಾಟೋನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ತಂದೆ ಜೀವಶಾಸ್ತ್ರದ ಅಧ್ಯಾಪಕರು. ಡಿ.ಎನ್.ಎ. ರಚನೆಯ ಶೋಧಕ್ಕೆ ನೊಬೆಲ್ ಬಹುಮಾನ ಬಂದ ಮರುವರ್ಷ, 1963ರಲ್ಲಿ, ಈ ಹೊಸ ವಿಷಯವನ್ನು ಕಲಿತುಕೋ ಎಂದು ಅವರು ಮಗನಿಗೆ ಹೇಳಿದ್ದರಂತೆ. ಮಗ ಆ ಮಾತನ್ನು ಮರೆಯಲಿಲ್ಲ. 1976ರಿಂದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅವರು ಹಿಡಿದ ಪ್ರಶ್ನೆ ಇದು: ಜೀವಕೋಶ ಎರಡಾಗುವಾಗ ಡಿ.ಎನ್.ಎ.ಯ ನಕಲು ಇಷ್ಟೊಂದು ನಿರ್ದುಷ್ಟವಾಗಿ ಬರುವುದು ಹೇಗೆ?

ಪ್ರಶ್ನೆಯ ಗಾತ್ರವನ್ನು ತುಸು ಯೋಚಿಸಿ. ಮಾನವನ ವಂಶಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳು. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದು ಕೋಶ ಒಡೆಯುವ ಪ್ರತಿಸಲವೂ ಎರಡೂ ಪ್ರತಿಗಳನ್ನು ಆದ್ಯಂತ ನಕಲು ಮಾಡಬೇಕು. ಅಚ್ಚುಕೂಟದ ಪರಿಚಯವಿರುವವರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ಮೊಳೆ ಜೋಡಿಸುವವನು ಎಷ್ಟೇ ನುರಿತವನಾದರೂ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಾನೆ. ಜೋಡಿಸುತ್ತಿರುವಾಗಲೇ ಕಣ್ಣಿಗೆ ಬಿದ್ದ ತಪ್ಪನ್ನು ಅವನೇ ಕಿತ್ತು ಸರಿಪಡಿಸುತ್ತಾನೆ. ನಕಲು ಮಾಡುವ ಕಿಣ್ವವೂ ಹಾಗೆಯೇ ಮಾಡುತ್ತದೆ. ಆದರೂ ಉಳಿದುಹೋದ ತಪ್ಪುಗಳಿಗಾಗಿ ಕರಡು ತಿದ್ದುವವರು ಬೇಕು. ಡಿ.ಎನ್.ಎ.ಯ ಎರಡು ಎಳೆಗಳಲ್ಲಿ ಎ ಎದುರು ಟಿ, ಜಿ ಎದುರು ಸಿ ಇರಬೇಕೆಂಬುದು ನಿಯಮ. ಜಿ ಎದುರು ಟಿ ಕುಳಿತರೆ ಅಲ್ಲೊಂದು ಉಬ್ಬುತಗ್ಗು. ಆ ಹೊಂದಿಕೆಯಾಗದ ಜೋಡಿಯನ್ನು ಪತ್ತೆಹಚ್ಚಿ, ತಪ್ಪಿದ ಭಾಗವನ್ನು ಕತ್ತರಿಸಿ ತೆಗೆದು, ಸರಿಯಾದುದನ್ನು ಬರೆಯುವ ಕಿಣ್ವಗಳ ತಂಡವೇ ಮಾಡ್ರಿಚ್ ಅವರ ಅಧ್ಯಯನದ ವಸ್ತು. ಈ ತಂಡ ಉಳಿದ ತಪ್ಪುಗಳನ್ನು ಸುಮಾರು ಸಾವಿರಕ್ಕೊಂದರ ಪ್ರಮಾಣಕ್ಕೆ ಇಳಿಸುತ್ತದೆ.

ಇಲ್ಲೊಂದು ತೊಡಕಿದೆ, ಮತ್ತು ನಮಗೆ ಇಡೀ ವೃತ್ತಾಂತದಲ್ಲಿ ಅತ್ಯಂತ ಸೊಗಸಾಗಿ ಕಾಣುವುದೂ ಇದೇ. ಕರಡು ತಿದ್ದುವವನಿಗೆ ಮೂಲ ಹಸ್ತಪ್ರತಿ ಯಾವುದು, ಕರಡು ಯಾವುದು ಎಂದು ಮೊದಲು ಗೊತ್ತಿರಬೇಕು. ಎರಡು ಎಳೆಗಳೂ ನೋಡಲು ಒಂದೇ ತರಹ. ಹೊಸತನ್ನು ಮೂಲವೆಂದು ಭ್ರಮಿಸಿ ಹಳೆಯದನ್ನೇ ತಿದ್ದಿದರೆ ತಪ್ಪು ಶಾಶ್ವತವಾಗಿ ನಿಂತುಬಿಡುತ್ತದೆ. ಬ್ಯಾಕ್ಟೀರಿಯದಲ್ಲಿ ಇದಕ್ಕೊಂದು ಉಪಾಯವಿದೆ. ಹಳೆಯ ಎಳೆಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಇರುತ್ತದೆ. ಹೊಸ ಎಳೆಗೆ ಆ ಗುರುತು ಬೀಳಲು ತುಸು ಹೊತ್ತು ಬೇಕು. ಆ ಹೊತ್ತಿನೊಳಗೆ ತಿದ್ದುವ ತಂಡ ಬಂದು, ಗುರುತಿಲ್ಲದ ಎಳೆಯನ್ನೇ ಕತ್ತರಿಸುತ್ತದೆ. ಮ್ಯುಟ್-ಎಸ್ ಎಂಬ ಪ್ರೋಟೀನು ತಪ್ಪನ್ನು ಗುರುತಿಸುತ್ತದೆ, ಮ್ಯುಟ್-ಎಲ್ ಸುದ್ದಿ ಮುಟ್ಟಿಸುತ್ತದೆ, ಮ್ಯುಟ್-ಎಚ್ ಕತ್ತರಿ ಹಾಕುತ್ತದೆ. ಈ ಕೆಲಸವನ್ನೆಲ್ಲ ಜೀವಕೋಶದ ಹೊರಗೆ, ಪ್ರನಾಳದೊಳಗೆ, ಬೇರ್ಪಡಿಸಿ ಶುದ್ಧಗೊಳಿಸಿದ ಪ್ರೋಟೀನುಗಳಿಂದಲೇ ಮಾಡ್ರಿಚ್ ಮತ್ತು ಸಂಗಡಿಗರು 1989ರಲ್ಲಿ ಮಾಡಿ ತೋರಿಸಿದರು. ಮನುಷ್ಯನ ಕೋಶದಲ್ಲಿ ಮೀಥೈಲಿನ ಈ ಉಪಾಯವಿಲ್ಲ. ಅಲ್ಲಿ ಹೊಸ ಎಳೆಯಲ್ಲಿರುವ ಬಿರುಕುಗಳೇ ದಾರಿ ತೋರಿಸುತ್ತವೆ.

ಎರಡು ದಾರಿಗಳು ಕೂಡಿದ್ದು 1993ರಲ್ಲಿ. ಆ ವರ್ಷದ ಮೊದಲ ಭಾಗದಲ್ಲಿ ಕೆಲವು ಕರುಳಿನ ಗಡ್ಡೆಗಳಲ್ಲಿ ವಿಚಿತ್ರವೊಂದು ಕಂಡಿತು. ಡಿ.ಎನ್.ಎ.ಯಲ್ಲಿ ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಜಾಗಗಳಿವೆ; ಸಿಎ, ಸಿಎ, ಸಿಎ ಎಂದು ಸಾಲಾಗಿ. ಮೊಳೆ ಜೋಡಿಸುವವನು ಎಣಿಕೆ ತಪ್ಪುವುದು ಇಂತಹ ಕಡೆಗಳಲ್ಲೇ. ಆ ಗಡ್ಡೆಗಳಲ್ಲಿ ಈ ಸಾಲುಗಳು ಕಂಡಕಂಡಂತೆ ಉದ್ದ-ಗಿಡ್ಡವಾಗಿದ್ದವು. ತಿದ್ದುವ ವ್ಯವಸ್ಥೆ ಕೆಟ್ಟ ಬ್ಯಾಕ್ಟೀರಿಯದಲ್ಲಿಯೂ ಯೀಸ್ಟಿನಲ್ಲಿಯೂ ಇಂತಹುದೇ ಅವಾಂತರವನ್ನು ಕಂಡಿದ್ದವರಿಗೆ ಒಡನೆ ಹೊಳೆಯಿತು. ವರ್ಷಾಂತ್ಯಕ್ಕೆ, ಡಿಸೆಂಬರ್ ತಿಂಗಳಲ್ಲಿ, ರಿಚರ್ಡ್ ಫಿಷೆಲ್ ಮತ್ತು ರಿಚರ್ಡ್ ಕೊಲೋಡ್ನರ್ ಅವರ ತಂಡವೂ, ಬರ್ಟ್ ವೋಗೆಲ್‌ಸ್ಟೈನ್ ಮತ್ತು ಫಿನ್ಲೆಂಡಿನ ಆಲ್ಬರ್ಟ್ ಡಿ ಲಾ ಶಾಪೆಲ್ ಅವರ ತಂಡವೂ, ಕೆಲವೇ ದಿನಗಳ ಅಂತರದಲ್ಲಿ ಒಂದೇ ವಂಶವಾಹಿಯನ್ನು ಪ್ರಕಟಿಸಿದವು. ಎರಡನೆಯ ವರ್ಣತಂತುವಿನಲ್ಲಿರುವ ಅದರ ಹೆಸರು ಎಂ.ಎಸ್.ಎಚ್.2, ಬ್ಯಾಕ್ಟೀರಿಯದ ಮ್ಯುಟ್-ಎಸ್‌ನ ಮಾನವ ಸೋದರ. ಇಂತಹ ಗಡ್ಡೆಯ ಕೋಶಗಳಿಗೆ ತಪ್ಪು ತಿದ್ದುವ ಶಕ್ತಿಯೇ ಇಲ್ಲವೆಂದು ಮಾಡ್ರಿಚ್ ಅವರ ಪ್ರಯೋಗಶಾಲೆ ಅದೇ ತಿಂಗಳು ತೋರಿಸಿತು. 1994ರಲ್ಲಿ ಮ್ಯುಟ್-ಎಲ್‌ನ ಸೋದರ ಎಂ.ಎಲ್.ಎಚ್.1 ಸಿಕ್ಕಿತು. ಮುಂದೆ ಎಂ.ಎಸ್.ಎಚ್.6 ಮತ್ತು ಪಿ.ಎಂ.ಎಸ್.2 ವಂಶವಾಹಿಗಳೂ ಪಟ್ಟಿಗೆ ಸೇರಿದವು. ಹೀಗೆ ಡಿ.ಎನ್.ಎ. ದುರಸ್ತಿಯ ರಹಸ್ಯಗಳನ್ನು ಬಿಡಿಸಿದ್ದಕ್ಕಾಗಿ ಮಾಡ್ರಿಚ್, ಸ್ವೀಡನ್ ಮೂಲದ ಥಾಮಸ್ ಲಿಂಡಾಲ್ ಮತ್ತು ತುರ್ಕಿ ಮೂಲದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿದ್ದರೆ ತಕ್ಷಣ ಏನೂ ಆಗುವುದಿಲ್ಲ, ಇನ್ನೊಂದು ಪ್ರತಿ ಕೆಲಸ ಸಾಗಿಸುತ್ತದೆ. ಮುಂದೆ ಎಂದಾದರೊಂದು ದಿನ ಕರುಳಿನ ಅಥವಾ ಗರ್ಭಕೋಶದ ಒಂದು ಕೋಶದಲ್ಲಿ ಆ ಇನ್ನೊಂದು ಪ್ರತಿಯೂ ಕೆಟ್ಟರೆ ಆ ಕೋಶದಲ್ಲಿ ತಿದ್ದುವವರೇ ಇಲ್ಲದಂತಾಗಿ ತಪ್ಪುಗಳು ರಾಶಿ ಬೀಳತೊಡಗುತ್ತವೆ. ಆದುದರಿಂದ ದೋಷವಿದೆ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ. ಕೆಲವರಿಗೆ ಜೀವಮಾನವಿಡೀ ಅದು ಬಾರದೆಯೂ ಇರಬಹುದು. ಒಟ್ಟು ಕ್ಯಾನ್ಸರುಗಳಲ್ಲಿ ಅನುವಂಶೀಯವಾದವು ನೂರಕ್ಕೆ ಐದರಿಂದ ಹತ್ತು ಮಾತ್ರ. ಮನೆಯಲ್ಲೊಬ್ಬರಿಗೆ ಬಂದ ಮಾತ್ರಕ್ಕೆ ಇಡೀ ಮನೆತನ ಹೆದರಬೇಕಾದುದಿಲ್ಲ.

ಕಾರಣ ತಿಳಿದು ಬಂದ ಲಾಭವೇನು ಎಂದು ಕೇಳುವವರಿಗೆ ನಾವು ಫಿನ್ಲೆಂಡಿನ ಒಂದು ಅಧ್ಯಯನವನ್ನು ತೋರಿಸಬಯಸುತ್ತೇವೆ. ಇಂತಹ 22 ಕುಟುಂಬಗಳ 252 ಮಂದಿಯನ್ನು ಅಲ್ಲಿ 15 ವರ್ಷ ಗಮನಿಸಲಾಯಿತು. ಅವರಲ್ಲಿ 133 ಮಂದಿ ಮೂರು ವರ್ಷಕ್ಕೊಮ್ಮೆ ಕರುಳಿನೊಳಗೆ ನಳಿಗೆ ಹಾಯಿಸಿ ನೋಡುವ ತಪಾಸಣೆಗೆ ಒಪ್ಪಿದರು, 119 ಮಂದಿ ಒಪ್ಪಲಿಲ್ಲ. 2000ದಲ್ಲಿ ಪ್ರಕಟವಾದ ವರದಿಯಂತೆ, ಒಪ್ಪಿದವರಲ್ಲಿ 8 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು, ಯಾರೂ ಅದರಿಂದ ಸಾಯಲಿಲ್ಲ. ಒಪ್ಪದವರಲ್ಲಿ 19 ಮಂದಿಗೆ ಬಂತು, 9 ಮಂದಿ ಸತ್ತರು. ಸಣ್ಣ ಗಂಟುಗಳನ್ನು ತಪಾಸಣೆಯ ಹೊತ್ತಿನಲ್ಲೇ ತೆಗೆದುಹಾಕಬಹುದು ಎಂಬುದೇ ಇದರ ಗುಟ್ಟು. ಈಗ ಹೆಚ್ಚಿನ ಅಪಾಯವಿರುವವರಿಗೆ ಇಪ್ಪತ್ತರಿಂದ ಇಪ್ಪತ್ತೈದನೆಯ ವಯಸ್ಸಿನಲ್ಲೇ ಆರಂಭಿಸಿ ಒಂದೆರಡು ವರ್ಷಕ್ಕೊಮ್ಮೆ ಈ ತಪಾಸಣೆ ನಡೆಸುತ್ತಾರೆ.

ಅಗ್ಗದ ಆಸ್ಪಿರಿನ್ ಮಾತ್ರೆಯೂ ಉಪಯೋಗಕ್ಕೆ ಬಂದಿದೆ. ಇಂಗ್ಲೆಂಡಿನ ಪ್ರೊ. ಜಾನ್ ಬರ್ನ್ ಅವರ ನೇತೃತ್ವದಲ್ಲಿ 861 ಮಂದಿಯ ಮೇಲೆ ನಡೆದ ಪ್ರಯೋಗದ ದೀರ್ಘಾವಧಿ ಫಲಿತಾಂಶ 2020ರಲ್ಲಿ ಹೊರಬಂತು: ಆಸ್ಪಿರಿನ್ ಸೇವಿಸಿದವರಲ್ಲಿ ನೂರಕ್ಕೆ 9 ಮಂದಿಗೆ, ಹುಸಿ ಮಾತ್ರೆ ಸೇವಿಸಿದವರಲ್ಲಿ ನೂರಕ್ಕೆ 13 ಮಂದಿಗೆ ಕರುಳಿನ ಕ್ಯಾನ್ಸರ್. (ಇದನ್ನು ಓದಿ ಯಾರೂ ಔಷಧದ ಅಂಗಡಿಗೆ ಓಡಬಾರದು. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಲ್ಲುದು; ವೈದ್ಯರನ್ನು ಕೇಳದೆ ತೆಗೆದುಕೊಳ್ಳುವ ಮಾತ್ರೆ ಅದಲ್ಲ.) ಇನ್ನು ಗಡ್ಡೆ ಬಂದ ಮೇಲಿನ ಮಾತು. ತಪ್ಪುಗಳಿಂದ ತುಂಬಿದ ಗಡ್ಡೆಯಲ್ಲಿ ಹುಟ್ಟುವ ಅಪರಿಚಿತ ಪ್ರೋಟೀನುಗಳನ್ನು ದೇಹದ ರಕ್ಷಣಾ ಪಡೆ ಸುಲಭವಾಗಿ ಗುರುತಿಸುತ್ತದೆ, ಆ ಪಡೆಗೆ ಬಿದ್ದಿರುವ ಲಗಾಮನ್ನು ಸಡಿಲಿಸಿದರೆ ಸಾಕು. ಹಾಗೆ ಮಾಡುವ ಪೆಂಬ್ರೊಲಿಜುಮಾಬ್ ಎಂಬ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ, ಗಡ್ಡೆ ಯಾವ ಅಂಗದಲ್ಲೇ ಇರಲಿ, ದುರಸ್ತಿ ಲೋಪವಿದ್ದರೆ ಕೊಡಬಹುದೆಂದು ಒಪ್ಪಿಗೆ ದೊರೆಯಿತು. ಅದೇ ಬಗೆಯ ಇನ್ನೊಂದು ಔಷಧವನ್ನು ನ್ಯೂಯಾರ್ಕಿನಲ್ಲಿ ಗುದನಾಳದ ಕ್ಯಾನ್ಸರಿದ್ದ ಇಂತಹ 12 ರೋಗಿಗಳಿಗೆ ಕೊಟ್ಟಾಗ ಹನ್ನೆರಡೂ ಮಂದಿಯಲ್ಲಿ ಗಡ್ಡೆ ಕಾಣದಾಯಿತೆಂದು 2022ರಲ್ಲಿ ವರದಿಯಾಯಿತು. ಬೆಲೆ ಮಾತ್ರ ಸಾಮಾನ್ಯ ಕುಟುಂಬದ ಕೈಗೆಟುಕುವಂತಹುದಲ್ಲ.

ಈಗ ನಮ್ಮ ಮನೆಗಳ ವಿಷಯ. ಒಂದು ಮನೆತನದ ಮೂವರು ಹತ್ತಿರದ ಬಂಧುಗಳಿಗೆ, ಎರಡು ತಲೆಮಾರುಗಳಲ್ಲಿ, ಅವರಲ್ಲೊಬ್ಬರಿಗಾದರೂ ಐವತ್ತು ತುಂಬುವ ಮೊದಲು ಕ್ಯಾನ್ಸರ್ ಬಂದಿದ್ದರೆ ಸಂಶಯಪಡಬೇಕೆಂಬ ಸೂತ್ರವನ್ನು ತಜ್ಞರು 1990ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ರೂಪಿಸಿದರು. ಮೊದಲು ಅದು ಕರುಳಿನ ಕ್ಯಾನ್ಸರಿಗೆ ಮಾತ್ರ ಅನ್ವಯಿಸುತ್ತಿತ್ತು, 1999ರಲ್ಲಿ ಗರ್ಭಕೋಶವೇ ಮೊದಲಾದ ಅಂಗಗಳನ್ನೂ ಸೇರಿಸಿದರು. ಸೂತ್ರ ಸರಳ, ಆದರೆ ಅಜ್ಜಿ ಯಾವುದರಿಂದ ತೀರಿಕೊಂಡರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಉತ್ತರ ಗೊತ್ತು? “ಹೊಟ್ಟೆನೋವಿನಿಂದ” ಎನ್ನುತ್ತೇವೆ. ಗರ್ಭಕೋಶದ ಕಾಯಿಲೆಯನ್ನಂತೂ ಹೆಂಗಸರು ಮಕ್ಕಳಿಗೂ ಹೇಳದೆ ಮಣ್ಣಿಗೆ ಒಯ್ಯುತ್ತಾರೆ. ತಾಯಿಯ ಕಡೆಯದು ಹೆಣ್ಣುಮಕ್ಕಳಿಗೆ, ತಂದೆಯ ಕಡೆಯದು ಗಂಡುಮಕ್ಕಳಿಗೆ ಎಂಬ ತಪ್ಪು ಗ್ರಹಿಕೆಯೂ ಇದೆ. ಅಪ್ಪನಿಂದ ಮಗಳಿಗೆ ಬಂದ ದೋಷ ಅವಳ ಗರ್ಭಕೋಶದಲ್ಲಿ ಕಾಣಿಸಿಕೊಳ್ಳಬಹುದು. ಹೆಸರು, ವಯಸ್ಸು, ಕಾಯಿಲೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಪ್ರತಿ ಧರ್ಮಕೇಂದ್ರವೂ ಇಟ್ಟುಕೊಳ್ಳಬೇಕೆಂದು ಧರ್ಮಸಭೆಯ ಕಾನೂನಿನ 535ನೆಯ ವಿಧಿ ಹೇಳುತ್ತದೆ. ಮರೆತುಹೋದ ಮುತ್ತಜ್ಜಿಯ ವಯಸ್ಸನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಆಕರ ನಮ್ಮ ಜನರಿಗೆ ಇನ್ನೊಂದಿಲ್ಲ.

ಮೊದಲು ಕಾಯಿಲೆ ಬಂದವರ ಗಡ್ಡೆಯ ಚೂರನ್ನು ಪರೀಕ್ಷಿಸುತ್ತಾರೆ. ದುರಸ್ತಿ ಪ್ರೋಟೀನುಗಳಲ್ಲೊಂದು ಅದರಲ್ಲಿ ಇಲ್ಲವೆಂದಾದರೆ ರಕ್ತದ ಪರೀಕ್ಷೆ. ರಕ್ತದಲ್ಲಿ ದೋಷ ಖಚಿತವಾದ ಮೇಲೆ ಒಡಹುಟ್ಟಿದವರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ಹೇಳುವ ಹೊಣೆ ಬರುತ್ತದೆ. ಕಷ್ಟವಾದದ್ದು ಇದೇ. ಹೇಳಿದರೆ ತಂಗಿಯ ಮದುವೆ ನಿಂತೀತು ಎಂಬ ಅಳುಕು. ಹೇಳದಿದ್ದರೆ ಆ ತಂಗಿ ತಪಾಸಣೆಯಿಲ್ಲದೆ ನಲವತ್ತಕ್ಕೆ ಕಾಲಿಡುತ್ತಾಳೆ.

ಅನುವಂಶೀಯತೆಯ ಜ್ಞಾನವನ್ನು ಮದುವೆ ಮುರಿಯಲು ಬಳಸುವ ಚಪಲ ಹೊಸತೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳು ‘ಅನರ್ಹ’ರ ಸಂತಾನಹರಣಕ್ಕೆ ಕಾನೂನನ್ನೇ ಮಾಡಿದ್ದವು; 1927ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 1930ರ ‘ಕಾಸ್ತಿ ಕೊನ್ನುಬಿಯಿ’ ವಿಶ್ವಪತ್ರದಲ್ಲಿ, ಹುಟ್ಟಲಿರುವ ಮಕ್ಕಳ ದೋಷವನ್ನು ಊಹಿಸಿ ಜನರ ವಿವಾಹದ ಹಕ್ಕನ್ನು ಕಸಿದುಕೊಳ್ಳುವುದನ್ನು ಖಂಡಿಸಿದರು. ಸರಕಾರಗಳಿಗೆ ಹೇಳಿದ ಆ ಮಾತು ಸಂಬಂಧ ಕುದುರಿಸುವ ನಮ್ಮ ಹಿರಿಯರಿಗೂ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಂದೆ-ತಾಯಿ ಇಬ್ಬರಲ್ಲೂ ಒಂದೇ ವಂಶವಾಹಿಯ ದೋಷವಿದ್ದು ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬಂದರೆ, ಬಾಲ್ಯದಲ್ಲೇ ಮಿದುಳು, ರಕ್ತ, ಕರುಳುಗಳ ಕ್ಯಾನ್ಸರ್ ಬರಬಹುದು. ಅಪರೂಪದ ಈ ಸ್ಥಿತಿ ರಕ್ತಸಂಬಂಧದ ಮದುವೆಗಳಲ್ಲಿ ಸಂಭವಿಸುವ ಸಾಧ್ಯತೆ ಹೆಚ್ಚು. ಒಡಹುಟ್ಟಿದವರ ಮಕ್ಕಳ ನಡುವಣ ವಿವಾಹವನ್ನು ಧರ್ಮಸಭೆಯ ಕಾನೂನಿನ 1091ನೆಯ ವಿಧಿ ತಡೆಯುತ್ತದೆ. ವಿನಾಯಿತಿ ಪಡೆದೇ ಮಾಡಬೇಕು. ವಿನಾಯಿತಿಗೆ ಅರ್ಜಿ ಬರೆಯುವ ಮೊದಲು ಉಭಯ ಮನೆಗಳವರು ಕುಳಿತು ತಮ್ಮ ಸಮಾನ ಅಜ್ಜ-ಅಜ್ಜಿಯರ ಕಾಯಿಲೆಗಳನ್ನು ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳುವುದು ಲೇಸು.

‘ಕುಟುಂಬ ಜಿ’ಯ ಮುಂದಿನ ಸುದ್ದಿ ಹೇಳದೆ ಮುಗಿಸಲಾಗದು. ಪಾಲಿನ್ ಗ್ರಾಸ್ ತನ್ನವರ ಬಗ್ಗೆ ಮಾತನಾಡಿ ನೂರೈದು ವರ್ಷಗಳ ಬಳಿಕ, 2000ದಲ್ಲಿ, ಆ ಮನೆತನದ ದೋಷ ಎಂ.ಎಸ್.ಎಚ್.2 ವಂಶವಾಹಿಯಲ್ಲಿರುವುದು ಪತ್ತೆಯಾಯಿತು. ವಂಶವೃಕ್ಷದಲ್ಲಿ ಅಷ್ಟರಲ್ಲಿ ಒಂಬೈನೂರಕ್ಕೂ ಹೆಚ್ಚು ಹೆಸರುಗಳು ಸೇರಿದ್ದವು. ದೋಷ ಬಾರದೆ ಉಳಿದ ಕವಲುಗಳಲ್ಲಿ ಕ್ಯಾನ್ಸರ್ ಉಳಿದ ಜನರಲ್ಲಿ ಇರುವಷ್ಟೇ. ಕೆನಡಾದಲ್ಲಿ ನೆಲೆಸಿರುವ ಲೇಖಕಿ ಆಮಿ ಮೆಕೇ ಅದೇ ಮನೆತನದವರು. ಇಬ್ಬರು ಪುಟ್ಟ ಮಕ್ಕಳ ತಾಯಿಯಾಗಿದ್ದ ಅವರು 2001ರಲ್ಲಿ ಪರೀಕ್ಷೆ ಮಾಡಿಸಿಕೊಂಡರು, ದೋಷ ಇದೆಯೆಂದು ಉತ್ತರ ಬಂತು. ಹದಿನೆಂಟು ವರ್ಷಗಳ ಬಳಿಕ, 2019ರಲ್ಲಿ, ಅವರೇ ತಮ್ಮ ಮನೆತನದ ಕತೆಯನ್ನು ‘ಡಾಟರ್ ಆಫ್ ಫ್ಯಾಮಿಲಿ ಜಿ’ ಎಂಬ ಹೆಸರಿನಲ್ಲಿ ಬರೆದು ಪ್ರಕಟಿಸಿದರು.